ಓಜಿದಿ (ನಾಟಕ)

ಓಜಿದಿ ಎಂಬುದು ನೈಜೀರಿಯಾದ ಕವಿ ಹಾಗೂ ನಾಟಕಕಾರ ಜಾನ್ ಪೆಪ್ಪರ್ ಕ್ಲಾರ್ಕ್ ಇಂಗ್ಲಿಷ್ ಭಾಷೆಯಲ್ಲಿ ರಚಿಸಿದ ಐದು ಅಂಕಗಳ ನಾಟಕ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಇದನ್ನು 1966ರಲ್ಲಿ ಪ್ರಕಟಿಸಿತು. ನೈಜರ್ ನದಿಯ ಮುಖಜಭೂಮಿಯಲ್ಲಿ ನೆಲೆಸಿರುವ ಇಜೊ ಜನರ ಮೌಖಿಕ ಮಹಾಕಾವ್ಯವು ಈ ನಾಟಕದ ಆಕರವಾಗಿದೆ. ಆ ಮಹಾಕಾವ್ಯದ ಪೂರ್ಣ ಪಠ್ಯವನ್ನು ಕ್ಲಾರ್ಕ್ ಅವರೇ ಸಂಗ್ರಹಿಸಿ, ಲಿಪ್ಯಂತರಿಸಿ, ಇಂಗ್ಲಿಷಿಗೆ ಅನುವಾದಿಸಿ 1977ರಲ್ಲಿ 'ದ ಓಜಿದಿ ಸಾಗಾ' ಎಂಬ ಹೆಸರಿನಲ್ಲಿ ಹೊರತಂದರು. ಹೀಗೆ ಮೊದಲು ರೂಪಾಂತರವೂ ಹನ್ನೊಂದು ವರ್ಷಗಳ ತರುವಾಯ ಅದರ ಆಕರವೂ ಒಬ್ಬರೇ ಲೇಖಕರ ಕೈಯಿಂದ ಮುದ್ರಣಕ್ಕೆ ಬಂದವು. ಪಶ್ಚಿಮ ಆಫ್ರಿಕಾದ ಮೌಖಿಕ ಕಾವ್ಯವೊಂದು ರಂಗಕ್ಕೆ ಬರುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಎರಡೂ ಪಠ್ಯಗಳನ್ನು ಎದುರುಬದುರಾಗಿ ಇಟ್ಟು ನೋಡಲು ಇಂತಹ ಅವಕಾಶ ಬೇರೆಡೆ ವಿರಳ.

ಮೌಖಿಕ ಆಕರ

ಇಜೊ ಜನರ ನಾಡು ಹೊಳೆ, ಹಿನ್ನೀರು, ಕೆಸರುಕಾಡುಗಳ ನಾಡು. ಮೀನುಗಾರಿಕೆ ಮತ್ತು ದೋಣಿ ಸಂಚಾರ ಅಲ್ಲಿನ ಬದುಕಿನ ಆಧಾರ. ಓಜಿದಿಯ ಕಥೆ ನಡೆಯುವುದು ಓರುವಾ ಎಂಬ ಊರಿನಲ್ಲಿ. ಅದು ಇಂದಿನ ಬಯೆಲ್ಸಾ ರಾಜ್ಯಕ್ಕೆ ಸೇರಿದೆ. ಸಂಪ್ರದಾಯದಂತೆ ಈ ಕಥೆಯನ್ನು ಏಳು ರಾತ್ರಿಗಳ ಕಾಲ ಹೇಳಲಾಗುತ್ತದೆ. 'ಹೇಳುವುದು' ಎಂಬ ಪದ ಇಲ್ಲಿ ಸಾಲದು. ಮುಖ್ಯ ಕಥೆಗಾರನೇ ನಾಯಕನ ಪಾತ್ರವನ್ನೂ ವಹಿಸಿ ಹಾಡುತ್ತಾನೆ, ಕುಣಿಯುತ್ತಾನೆ, ಮೂಕಾಭಿನಯ ಮಾಡುತ್ತಾನೆ. ಡೋಲುಗಳ ಮೇಳ ಅವನ ಬೆನ್ನಿಗಿರುತ್ತದೆ. ಹಾಡಿನ ಪಲ್ಲವಿಯನ್ನು ನೆರೆದವರೆಲ್ಲ ಎತ್ತಿಕೊಳ್ಳುತ್ತಾರೆ. ಜಲದೇವತೆಗಳಿಗೆ ಕಾಣಿಕೆ ಸಲ್ಲಿಸುವ ವಿಧಿಯೂ ಪ್ರದರ್ಶನದ ಅಂಗವೇ ಆಗಿದೆ.

ಮಾಲಿ ಮತ್ತು ಗಿನಿ ದೇಶಗಳ ಮಾಂದೆ ಜನರಲ್ಲಿರುವಂತೆ ವಂಶಪಾರಂಪರ್ಯವಾಗಿ ಕಥೆ ಹೇಳುವ ಗ್ರಿಯೋ ಎಂಬ ಪ್ರತ್ಯೇಕ ವರ್ಗ ಇಜೊ ಜನರಲ್ಲಿಲ್ಲ. ಶಕ್ತಿಯಿದ್ದವನು ಕಲಿತು ಹೇಳಬಹುದು. ಕೇಳುವವರು ಒಪ್ಪಿದರೆ ಅವನು ಕಥೆಗಾರ. ಆದುದರಿಂದ ಓಜಿದಿಯ ಕಥೆಗೆ ಒಂದೇ ಅಧಿಕೃತ ರೂಪವೆಂಬುದಿಲ್ಲ. ಒಬ್ಬ ಕಥೆಗಾರನು ಹಿಗ್ಗಿಸಿದ ಕಾಳಗವನ್ನು ಇನ್ನೊಬ್ಬನು ಎರಡು ಮಾತಿನಲ್ಲಿ ಮುಗಿಸಬಹುದು. ನಾಟಕಕಾರನಿಗೆ ಇದರಿಂದ ಒಂದು ಸ್ವಾತಂತ್ರ್ಯ ದೊರೆಯುತ್ತದೆ, ಜೊತೆಗೊಂದು ಹೊಣೆಯೂ ಬರುತ್ತದೆ: ಕೇಳುಗರ ಒಪ್ಪಿಗೆಯೊಂದನ್ನು ಬಿಟ್ಟು ಅವನ ಕೆಲಸವನ್ನು ಅಳೆಯಲು ಬೇರೆ ಅಳತೆಗೋಲಿಲ್ಲ.

ಧ್ವನಿಮುದ್ರಣ ಮತ್ತು 1977ರ ಗ್ರಂಥ

ಕ್ಲಾರ್ಕ್ ಅವರ ತಂದೆ ಇಜೊ, ತಾಯಿ ಉರೊಬೊ ಸಮುದಾಯದವರು. ಹುಟ್ಟೂರು ಮುಖಜಭೂಮಿಯ ಕಿಯಾಗ್ಬೊದೊ. ಇಬಾದಾನಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಾಗಲೇ 'ದ ಹಾರ್ನ್' ಎಂಬ ವಿದ್ಯಾರ್ಥಿ ಕಾವ್ಯಪತ್ರಿಕೆಯನ್ನು ಆರಂಭಿಸಿದ್ದ ಅವರು, 1961ರಲ್ಲಿ 'ಸಾಂಗ್ ಆಫ್ ಅ ಗೋಟ್' ನಾಟಕದ ಮೂಲಕ ಹೆಸರಾಗಿದ್ದರು. ಆ ನಾಟಕದ ಕಥೆ ಇಜೊ ಕುಟುಂಬವೊಂದರದಾದರೂ ಅದರ ಕಟ್ಟಡ ಗ್ರೀಕ್ ದುರಂತ ನಾಟಕವನ್ನು ನೆನಪಿಸುತ್ತದೆ ಎಂದು ಅನೇಕ ವಿಮರ್ಶಕರು ಹೇಳಿದ್ದಾರೆ. ಓಜಿದಿಯ ಕಡೆಗೆ ಕ್ಲಾರ್ಕ್ ತಿರುಗಿದ್ದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಕಥೆಯನ್ನಷ್ಟೇ ಅಲ್ಲದೆ ನಾಟಕದ ರೂಪವನ್ನೂ ತಮ್ಮ ಜನರಿಂದಲೇ ಪಡೆಯುವ ಪ್ರಯತ್ನ ಅದಾಗಿತ್ತು.

1963ರಲ್ಲಿ ಓಕಾಬೂ ಓಜೊಬೊಲೊ ಎಂಬ ಕಥೆಗಾರನು ಇಬಾದಾನ್ ನಗರದಲ್ಲಿ ಏಳು ರಾತ್ರಿಗಳ ಕಾಲ ಈ ಕಥೆಯನ್ನು ನಿರೂಪಿಸಿದನು. ಕ್ಲಾರ್ಕ್ ಅದನ್ನು ಧ್ವನಿಮುದ್ರಿಸಿಕೊಂಡರು. ಇಬಾದಾನ್ ಇಜೊ ನಾಡಲ್ಲ, ಯೊರುಬಾ ಜನರ ನಗರ. ಕೇಳಲು ನೆರೆದವರು ಅಲ್ಲಿ ವಾಸವಾಗಿದ್ದ ಇಜೊ ಜನರು. ಊರಿನಿಂದ ದೂರವಿರುವವರಿಗೆ ಊರಿನ ಕಥೆಯ ಮೇಲೆ ಇರುವ ವಿಶೇಷ ಮಮತೆ ಈ ನಿರೂಪಣೆಯ ಮೇಲೆ ಪ್ರಭಾವ ಬೀರಿದೆ. ಇದಲ್ಲದೆ ಓರುವಾದಲ್ಲಿಯೇ ನಡೆದ ಪ್ರದರ್ಶನವನ್ನು ಫ್ರಾಂಕ್ ಸ್ಪೀಡ್ ಅವರ ಸಹಯೋಗದಲ್ಲಿ ಚಲನಚಿತ್ರವಾಗಿ ಸೆರೆಹಿಡಿಯಲಾಯಿತು.

1977ರ ಗ್ರಂಥದಲ್ಲಿ ಇಜೊ ಪಠ್ಯ ಒಂದು ಪುಟದಲ್ಲಿಯೂ ಅದರ ಇಂಗ್ಲಿಷ್ ಅನುವಾದ ಎದುರಿನ ಪುಟದಲ್ಲಿಯೂ ಮುದ್ರಿತವಾಗಿವೆ. ಕಥೆಗಾರನ ಮಾತನ್ನು ಮಾತ್ರ ಉಳಿಸಿ ಉಳಿದದ್ದನ್ನು ಸಂಪಾದಕರು ತೆಗೆದುಹಾಕಿಲ್ಲ. ಪ್ರೇಕ್ಷಕರ ಉದ್ಗಾರ, ನಗು, ಪ್ರಶ್ನೆ, ನಡುವೆ ಬಾಯಿಹಾಕಿ ಆಡಿದ ಮಾತು ಎಲ್ಲವೂ ಅಲ್ಲಿವೆ. ಕಥೆಗಾರ ಸುಮ್ಮನಾದಾಗ ಸಭೆ ಎಚ್ಚರವಾಗಿದೆಯೇ ಎಂದು ಪರೀಕ್ಷಿಸುವ ಕೂಗು, ಅದಕ್ಕೆ ಒಕ್ಕೊರಲಿನ ಮರುಕೂಗು ಪುಟಪುಟದಲ್ಲಿಯೂ ಎದುರಾಗುತ್ತವೆ. ಓದುವಾಗ ಮೊದಮೊದಲು ಇವು ಅಡ್ಡಿಯೆನಿಸಿದರೂ ಸ್ವಲ್ಪದರಲ್ಲೇ ಕಥೆಯ ಭಾಗವೇ ಆಗಿಬಿಡುತ್ತವೆ.

ಈ ಪ್ರಕಟಣೆಗೆ ಇನ್ನೊಂದು ಮಹತ್ವವೂ ಇದೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮಹಾಕಾವ್ಯವೆಂಬ ಪ್ರಕಾರ ಅಷ್ಟಾಗಿ ಕಾಣದು ಎಂಬ ಅಭಿಪ್ರಾಯವನ್ನು ರೂತ್ ಫಿನೆಗನ್ ಅವರು ತಮ್ಮ 'ಓರಲ್ ಲಿಟರೇಚರ್ ಇನ್ ಆಫ್ರಿಕಾ' (1970) ಗ್ರಂಥದಲ್ಲಿ ವ್ಯಕ್ತಪಡಿಸಿದ್ದರು. ಇಸಿಡೋರ್ ಓಕ್ಪೆವೊ ಅವರು 'ದಿ ಎಪಿಕ್ ಇನ್ ಆಫ್ರಿಕಾ' (1979) ಗ್ರಂಥದಲ್ಲಿ ಇದನ್ನು ವಿರೋಧಿಸಿದರು. 1991ರಲ್ಲಿ ಅಮೆರಿಕದ ಹೊವರ್ಡ್ ಯೂನಿವರ್ಸಿಟಿ ಪ್ರೆಸ್ ಓಜಿದಿಯ ಪಠ್ಯವನ್ನು ಮರುಮುದ್ರಿಸಿದಾಗ ಅದಕ್ಕೆ ವಿಮರ್ಶಾತ್ಮಕ ಪ್ರಸ್ತಾವನೆ ಬರೆದವರೂ ಓಕ್ಪೆವೊ ಅವರೇ.

ಕಥಾವಸ್ತು

ಓರುವಾದಲ್ಲಿ ರಾಜನನ್ನು ಆರಿಸುವ ಸರದಿ ಓಜಿದಿಯ ಮನೆತನಕ್ಕೆ ಬರುತ್ತದೆ. ಓಜಿದಿ ಊರಿನ ಅಗ್ರಗಣ್ಯ ಯೋಧ. ಆದರೆ ಸಿಂಹಾಸನವೇರುವವನು ಅವನ ಅಣ್ಣ, ಬುದ್ಧಿಮಾಂದ್ಯನಾದ ತೆಮುಗೆದೆಗೆ. ರಾಜನೆಂದ ಮೇಲೆ ಕಾಣಿಕೆ ಸಲ್ಲಿಸಬೇಕೆಂದು ಓಜಿದಿ ಹಟ ಹಿಡಿಯುತ್ತಾನೆ. ಹುಚ್ಚನಿಗೆ ತಲೆಬಾಗಲು ಒಪ್ಪದ ಓಫೆ, ಅಜೆಜಾಬಿಫೆ ಮೊದಲಾದ ಸಹಯೋಧರು ಒಳಸಂಚು ಹೂಡುತ್ತಾರೆ. ರಾಜನಿಗೆ ಶತ್ರುವಿನ ರುಂಡವನ್ನು ಕಾಣಿಕೆಯಾಗಿ ತರೋಣವೆಂದು ದಂಡೆತ್ತಿ ಹೊರಟು, ದಾರಿಯಲ್ಲಿ ಓಜಿದಿಯನ್ನೇ ಕೊಂದು ಅವನ ರುಂಡವನ್ನು ತಂದು ಅಣ್ಣನ ಮುಂದಿಡುತ್ತಾರೆ.

ಗರ್ಭಿಣಿಯಾಗಿದ್ದ ಪತ್ನಿ ಓರೆಯಾ ತವರಿಗೆ ಓಡಿಹೋಗಿ ಗಂಡುಮಗುವನ್ನು ಹೆರುತ್ತಾಳೆ. ಮಗುವನ್ನು ಬೆಳೆಸುವವಳು ಓರೆಯಾಳ ತಾಯಿ, ಮಹಾ ಮಾಟಗಾತಿಯಾದ ಓರೆಯಾಮೆ. ಹುಡುಗ ತನ್ನ ಹೆಸರೇ ತಿಳಿಯದೆ ಬೆಳೆಯುತ್ತಾನೆ. ತಂದೆಯ ಹೆಸರೇ ತನ್ನದೆಂದು ಅವನಿಗೆ ತಿಳಿಯುವುದು ಬಹಳ ತಡವಾಗಿ. ಕಾಡಿನ ಮಾಂತ್ರಿಕನೊಬ್ಬ ಪ್ರಾಣಿಪಕ್ಷಿಗಳನ್ನು ಕಲಸಿ ಸಿದ್ಧಪಡಿಸಿದ ಮದ್ದನ್ನು ಅವನಿಗೆ ನುಂಗಿಸುತ್ತಾನೆ. ಕಮ್ಮಾರ ಕಾಸಿ ಬಡಿದು ಕೊಟ್ಟ ಖಡ್ಗಗಳು ಅವನ ಕೈಯಲ್ಲಿ ಮುರಿಯುತ್ತವೆ. ಕೊನೆಗೆ ಏಳು ಮೊನೆಗಳ ಖಡ್ಗವೊಂದು ನಿಲ್ಲುತ್ತದೆ. ಕೋಪ ಕೆರಳಿದಾಗ ಹೊಟ್ಟೆಯೊಳಗಿನ ಮೃಗಗಳು ಕೂಗೆದ್ದು ಖಡ್ಗವು ಬಾಯಿಂದ ಹೊರಬರುತ್ತದೆ.

ಓರುವಾಕ್ಕೆ ಮರಳಿದ ಓಜಿದಿ ತಂದೆಯ ಕೊಲೆಗಾರರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಕಥೆ ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಮುಗಿಯುವುದಿಲ್ಲ. ಏಳು ತಲೆಗಳ ತೆಬೆಸೊನೊಮಾ, ಕುರೂಪಿ ಓದೊಗು ಮೊದಲಾದ, ತಂದೆಯ ಕೊಲೆಗೆ ಸಂಬಂಧವೇ ಇಲ್ಲದ ಎದುರಾಳಿಗಳೊಡನೆ ಕಾಳಗ ಮುಂದುವರಿಯುತ್ತದೆ. ಓದೊಗುವಿನ ತಾಯಿಯೂ ಮಾಟಗಾತಿ. ಸಮಬಲದ ಆ ಕಾಳಗದಲ್ಲಿ ಮಾಯಾಮೂಲಿಕೆಯ ಪ್ರಭಾವದಿಂದ ಕಣ್ಣು ಕಾಣದಂತಾದ ಓಜಿದಿ ಎದುರಾಳಿಯ ಜೊತೆಗೆ ತನ್ನ ಅಜ್ಜಿ ಓರೆಯಾಮೆಯನ್ನೂ ಕಡಿದುಹಾಕುತ್ತಾನೆ. ಕೊನೆಗೆ ಸಿಡುಬಿನ ರಾಜನು ತನ್ನ ಪರಿವಾರದೊಡನೆ ದೋಣಿಯಲ್ಲಿ ಬಂದು ಓಜಿದಿಯನ್ನು ಹಾಸಿಗೆ ಹಿಡಿಸುತ್ತಾನೆ. ತಾಯಿ ಓರೆಯಾ ಅದನ್ನು ಯಾಸ್ ಎಂಬ ಸಾಧಾರಣ ಚರ್ಮವ್ರಣವೆಂದು ಭಾವಿಸಿ ತೊಳೆದು ಶುಶ್ರೂಷೆ ಮಾಡುತ್ತಾಳೆ. ನಾಟಕದಲ್ಲಿ, ತನ್ನನ್ನು ಇಷ್ಟು ಕೀಳಾಗಿ ಕಂಡರಲ್ಲಾ ಎಂಬ ಅವಮಾನದಿಂದ ಸಿಡುಬಿನ ರಾಜ ಹೊರಟುಹೋಗುತ್ತಾನೆ.

ರೂಪಾಂತರದ ವಿಧಾನ

ಏಳು ರಾತ್ರಿಗಳ ಕಥೆಯನ್ನು ಒಂದು ಸಂಜೆಗೆ ಇಳಿಸುವುದು ಕ್ಲಾರ್ಕ್ ಅವರ ಮುಂದಿದ್ದ ಮೊದಲ ಸಮಸ್ಯೆ. ಮೌಖಿಕ ಕಥನದಲ್ಲಿ ಕಾಳಗಗಳು ಒಂದರ ಹಿಂದೊಂದು ಸಾಗುತ್ತವೆ. ಪ್ರತಿಯೊಂದರಲ್ಲೂ ಸವಾಲು, ಬೈಗುಳ, ಓರೆಯಾಮೆಯ ತಂತ್ರ, ಖಡ್ಗದ ಪ್ರಾದುರ್ಭಾವ, ರುಂಡವನ್ನು ಹೊತ್ತು ಮನೆಗೆ ಮರಳುವುದು ಇವು ಪುನರಾವರ್ತನೆಯಾಗುತ್ತವೆ. ರಾತ್ರಿಯಿಡೀ ಹಾಡುತ್ತ ಕುಳಿತ ಸಭೆಗೆ ಪುನರಾವರ್ತನೆಯೇ ಸುಖ: ಮುಂದೇನಾಗುವುದೆಂದು ತಿಳಿದಿರುವುದರಿಂದಲೇ ಅವರು ಹಾಡಿನಲ್ಲಿ ಸೇರಿಕೊಳ್ಳಬಲ್ಲರು. ಕುರ್ಚಿಯಲ್ಲಿ ಸುಮ್ಮನೆ ಕುಳಿತು ನೋಡುವವನಿಗೆ ಅದೇ ದಣಿವು ತರುತ್ತದೆ. ಕ್ಲಾರ್ಕ್ ಎದುರಾಳಿಗಳ ಸಂಖ್ಯೆಯನ್ನು ಕಡಿಮೆ ಮಾಡಿದರು. ಉಳಿದವರಿಗೆ ಒಬ್ಬರಿಂದೊಬ್ಬರಿಗೆ ಭಿನ್ನವಾದ ಸ್ವಭಾವ ಕೊಟ್ಟರು. ರಾಜನ ಆಯ್ಕೆಯ ಪ್ರಸಂಗವನ್ನು ಸಭಾದೃಶ್ಯವಾಗಿ ವಿಸ್ತರಿಸಿದರು. ಇದರ ಫಲವಾಗಿ ನಾಟಕದ ಮೊದಲ ಭಾಗದಲ್ಲಿ ರಾಜಕೀಯ ಪ್ರಶ್ನೆ ತೀಕ್ಷ್ಣವಾಗಿದೆ: ಅಯೋಗ್ಯನನ್ನು ಗದ್ದುಗೆಗೇರಿಸಿದ ಜನರೇ ಅವನಿಗೆ ಸಲ್ಲಬೇಕಾದುದನ್ನು ನಿರಾಕರಿಸಿದರೆ ತಪ್ಪು ಯಾರದು? ನಾಟಕ ಪ್ರಕಟವಾದ 1966ರಲ್ಲಿಯೇ ನೈಜೀರಿಯಾದಲ್ಲಿ ಎರಡು ಸೇನಾದಂಗೆಗಳು ನಡೆದುದರಿಂದ ಈ ದೃಶ್ಯಗಳನ್ನು ಸಮಕಾಲೀನ ರಾಜಕೀಯದ ರೂಪಕವಾಗಿ ಓದುವ ಆಸೆ ಸಹಜ. ಆದರೆ ಪ್ರಸಂಗ ಮೂಲ ಕಥನದಲ್ಲಿಯೇ ಇದೆ ಎಂಬುದನ್ನು ಮರೆಯಬಾರದು.

ಎರಡನೆಯದು ಕಥೆಗಾರನ ಸ್ಥಾನ. ಓಕಾಬೂ ಒಬ್ಬನೇ ಓಜಿದಿಯೂ ಹೌದು, ಓರೆಯಾಮೆಯೂ ಹೌದು, ಸಾಯುವ ಶತ್ರುವೂ ಹೌದು. ಅವನ ಒಂದು ದನಿಯ ಏರಿಳಿತದಲ್ಲಿ ಎಲ್ಲರೂ ಹುಟ್ಟಿ ಅಡಗುತ್ತಾರೆ. ನಾಟಕದಲ್ಲಿ ಪಾತ್ರಗಳನ್ನು ನಟರಿಗೆ ಹಂಚಲೇಬೇಕು. ಹಾಗೆ ಹಂಚಿದೊಡನೆ 'ಎಂದನು', 'ಎಂದಳು' ಎಂಬ ನಿರೂಪಣೆ ಹೋಗುತ್ತದೆ. ಅದರೊಂದಿಗೆ ಕಥೆಗಾರನ ವ್ಯಂಗ್ಯ, ಪಾತ್ರದ ಬಗ್ಗೆ ಅವನು ಪಕ್ಕಕ್ಕೆ ಸರಿದು ಆಡುವ ಮಾತು, ಅವನ ಉತ್ಪ್ರೇಕ್ಷೆಯ ತುಂಟತನ ಸಹ ಹೋಗುತ್ತವೆ. ಕ್ಲಾರ್ಕ್ ಇದನ್ನು ಅರಿತೇ ನಾಟಕವನ್ನು ಕಥೆಗಾರನ ಪಾತ್ರದಿಂದ ಆರಂಭಿಸುತ್ತಾರೆ. ಪ್ರದರ್ಶನ ಸಾಂಗವಾಗಿ ನಡೆಯಬೇಕಾದರೆ ಜಲದೇವತೆಗಳಿಗೆ ಕಾಣಿಕೆ ಸಲ್ಲಬೇಕು, ಅದಕ್ಕೆ ಏಳು ಕನ್ಯೆಯರು ಬೇಕು ಎಂದು ಅವನು ಪ್ರೇಕ್ಷಕರ ಕಡೆಗೇ ತಿರುಗಿ ಕೇಳುತ್ತಾನೆ. ಗದ್ಯದ ಹಗುರ ಮಾತಿನಿಂದ ಆರಂಭವಾಗುವ ಈ ದೃಶ್ಯ ಪ್ರೇಕ್ಷಕರನ್ನು ನೋಡುವವರ ಸ್ಥಾನದಿಂದ ಪಾಲುದಾರರ ಸ್ಥಾನಕ್ಕೆ ತರಲು ಯತ್ನಿಸುತ್ತದೆ. ಆದರೂ ವ್ಯತ್ಯಾಸವೊಂದು ಉಳಿಯುತ್ತದೆ. ಓರುವಾದ ಸಭೆಗೆ ಆ ವಿಧಿ ನಂಬಿಕೆಯ ವಿಷಯ. ಟಿಕೆಟು ಕೊಂಡು ಬಂದ ಸಭೆಗೆ ಅದು ನಾಟಕದ ಮೊದಲ ದೃಶ್ಯ.

ಪ್ರೇಕ್ಷಕರ ಮಾತು ಕಳೆದುಹೋದುದು ಇದಕ್ಕಿಂತ ದೊಡ್ಡ ನಷ್ಟವೆನ್ನಬಹುದು. 1977ರ ಪಠ್ಯದಲ್ಲಿ ಕೇಳುಗರು ಕಥೆಗಾರನನ್ನು ಹುರಿದುಂಬಿಸುತ್ತಾರೆ, ಛೇಡಿಸುತ್ತಾರೆ, ತಿದ್ದುತ್ತಾರೆ. ಕಥೆ ಎಷ್ಟು ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂಬುದು ಅರ್ಧ ಅವರ ಕೈಯಲ್ಲಿದೆ. ಬರೆದಿಟ್ಟ ಸಂಭಾಷಣೆಗೆ ಈ ಹೊಂದಿಕೆ ಸಾಧ್ಯವಿಲ್ಲ. ಕ್ಲಾರ್ಕ್ ನಾಟಕದಲ್ಲಿ ಊರಿನ ಜನರ ಗುಂಪುದೃಶ್ಯಗಳಿಗೂ ಹಾಡು ಕುಣಿತಗಳಿಗೂ ವಿಶೇಷ ಎಡೆ ಕೊಟ್ಟಿದ್ದಾರೆ. ಕೇಳುಗರ ಮೇಳವನ್ನು ಹೀಗೆ ರಂಗದ ಮೇಲಕ್ಕೇ ಏರಿಸಿದಂತಾಗಿದೆ.

ಭಾಷೆಯ ಆಯ್ಕೆ

ಇಜೊ ಕಥನವನ್ನು ಇಂಗ್ಲಿಷಿನಲ್ಲಿ ನಾಟಕವಾಗಿಸಿದುದು ವಿಮರ್ಶೆಗೆ ಒಳಗಾದ ಅಂಶ. ಇದೇ ಕಾಲದಲ್ಲಿ ದುರೊ ಲಾದಿಪೊ ಅವರು ಯೊರುಬಾ ಜನರ ಸಿಡಿಲಿನ ದೇವತೆ ಶಾಂಗೊ ಕುರಿತ ಮೌಖಿಕ ಪರಂಪರೆಯನ್ನು ಆಧರಿಸಿ 'ಓಬಾ ಕೊಸೊ' ಎಂಬ ಸಂಗೀತನಾಟಕವನ್ನು ಯೊರುಬಾದಲ್ಲಿಯೇ ಕಟ್ಟಿದ್ದರು. ಅದು 1964ರಲ್ಲಿ ಬರ್ಲಿನ್ನಿನಲ್ಲಿಯೂ ಪ್ರದರ್ಶಿತವಾಯಿತು. ಸ್ತುತಿಪದ್ಯಗಳ ಲಯವನ್ನೂ ಮಾತನಾಡುವ ಡೋಲಿನ ನುಡಿಯನ್ನೂ ಲಾದಿಪೊ ಹಾಗೆಯೇ ಉಳಿಸಿಕೊಂಡರು. ಯೊರುಬಾ ನೈಜೀರಿಯಾದ ಅತಿ ದೊಡ್ಡ ಭಾಷೆಗಳಲ್ಲೊಂದು, ಅದಕ್ಕೆ ಸಂಚಾರಿ ನಾಟಕ ಮಂಡಳಿಗಳ ಪರಂಪರೆಯಿತ್ತು, ಪ್ರೇಕ್ಷಕರಿದ್ದರು. ಇಜೊ ಭಾಷೆಗೆ ಅಂತಹ ನಗರದ ರಂಗಭೂಮಿ ಇರಲಿಲ್ಲ. ಕ್ಲಾರ್ಕ್ ಅವರ ಆಯ್ಕೆಯನ್ನು ತೂಗುವಾಗ ಈ ವಾಸ್ತವವನ್ನು ಗಣನೆಗೆ ತೆಗೆದುಕೊಳ್ಳುವುದು ನ್ಯಾಯ.

ನಾಟಕದ ಇಂಗ್ಲಿಷ್ ಗದ್ಯ ಪದ್ಯಗಳೆರಡನ್ನೂ ಬಳಸುತ್ತದೆ. ಗಾದೆ, ಉಪಮೆ, ಬೈಗುಳಗಳಲ್ಲಿ ಇಜೊ ನುಡಿಗಟ್ಟಿನ ಜಾಡು ಕಾಣುವಂತೆ ವಾಕ್ಯಗಳನ್ನು ಕಟ್ಟಲಾಗಿದೆ. ತಾಯ್ನುಡಿಯ ಸಂವೇದನೆಯನ್ನು ಕಲಿತ ಭಾಷೆಯಲ್ಲಿ ಹೇಗೆ ಹಿಡಿಯಬೇಕೆಂಬ ಚರ್ಚೆಯನ್ನು ಕ್ಲಾರ್ಕ್ ತಮ್ಮ 'ದಿ ಎಗ್ಸಾಂಪಲ್ ಆಫ್ ಶೇಕ್ಸ್‌ಪಿಯರ್' (1970) ಪ್ರಬಂಧಸಂಕಲನದಲ್ಲಿ ನಡೆಸಿದ್ದಾರೆ. ಕೆಲವೆಡೆ ಈ ಭಾಷೆ ಕಾವ್ಯದ ಭಾರದಿಂದ ಬಳಲುತ್ತದೆ, ನಟನ ಬಾಯಿಗೆ ಸುಲಭವಾಗಿ ಒಗ್ಗುವುದಿಲ್ಲ. ಓಕಾಬೂವಿನ ಅನುವಾದಿತ ಮಾತುಗಳನ್ನು ಓದಿದವರಿಗೆ ಅವುಗಳ ಚುರುಕು ನಾಟಕಕ್ಕೆ ಪೂರ್ತಿಯಾಗಿ ಬಂದಿಲ್ಲವೆಂದು ಅನಿಸುವುದುಂಟು. ಇಜೊ ಮತ್ತು ಇಂಗ್ಲಿಷ್ ಪಠ್ಯಗಳನ್ನು ಎದುರುಬದುರು ಮುದ್ರಿಸಿದ 1977ರ ಗ್ರಂಥವನ್ನು ಈ ಕೊರತೆಗೆ ಕ್ಲಾರ್ಕ್ ಕೊಟ್ಟ ಉತ್ತರವೆಂದೂ ಕಾಣಬಹುದು.

ಸೇಡಿನ ಪ್ರಶ್ನೆ

ತಂದೆಯ ಕೊಲೆಗೆ ಮಗನು ಸೇಡು ತೀರಿಸಿಕೊಳ್ಳುವುದು ನ್ಯಾಯ ಎಂಬಲ್ಲಿಂದ ಕಥೆ ಹೊರಡುತ್ತದೆ. ಆದರೆ ಅದು ತಲುಪುವ ಜಾಗ ಬೇರೆ. ತೆಬೆಸೊನೊಮಾ ಸಾಯುವ ಮುನ್ನ ತನ್ನ ತಂಗಿಗೆ ಮಗು ಹುಟ್ಟಿದೆಯೆಂದು, ಅದು ಬೆಳೆದು ತನ್ನ ಸೇಡು ತೀರಿಸುವುದೆಂದು ತಿಳಿಸುತ್ತಾನೆ. ಓರೆಯಾಮೆಯ ಒತ್ತಾಯದ ಮೇರೆಗೆ ಓಜಿದಿ ಆ ಬಾಣಂತಿಯನ್ನೂ ಹಸುಗೂಸನ್ನೂ ಕೊಲ್ಲಲು ಹೊರಡುತ್ತಾನೆ. ಕೊಲೆಗಾರರ ಕೈಗೆ ಸಿಗದೆ ತಾಯಿಯ ಗರ್ಭದಲ್ಲಿ ಉಳಿದುಕೊಂಡು ಬಂದವನೇ ಈಗ ಮತ್ತೊಂದು ಮಗುವಿನ ಕೊಲೆಗಾರ. ಅವನ ತಂದೆಯ ಶತ್ರುಗಳು ಮಾಡಲಾಗದ ಕೆಲಸವನ್ನು ಅವನು ಮಾಡಿ ಮುಗಿಸುತ್ತಾನೆ.

ಮೌಖಿಕ ನಿರೂಪಣೆಯಲ್ಲಿ ಈ ಪ್ರಸಂಗ ಅನೇಕ ಕಾಳಗಗಳ ನಡುವೆ ಬರುತ್ತದೆ. ಮುಂದಿನ ಹಾಡು ಅದರ ಭಾರವನ್ನು ಸ್ವಲ್ಪ ಇಳಿಸುತ್ತದೆ. ಕಾಳಗಗಳನ್ನು ಕಡಿಮೆ ಮಾಡಿದ ನಾಟಕದಲ್ಲಿ ಅದು ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರೇಕ್ಷಕನು ಓಜಿದಿಯ ಗೆಲುವನ್ನು ಹಿಂದಿನಂತೆ ಸಂಭ್ರಮಿಸಲಾರ. ಓರೆಯಾಮೆಯ ಸಾವು, ಸಿಡುಬಿನ ಆಗಮನ ಇವೆರಡೂ ಆಗ ಕಥೆಯ ತಿರುವುಗಳಾಗಿ ಮಾತ್ರವಲ್ಲದೆ ಈ ಕೃತ್ಯದ ಪರಿಣಾಮಗಳಂತೆ ಕಾಣುತ್ತವೆ. ಕತ್ತರಿಸುವುದರಿಂದ ರೂಪಾಂತರವು ಗಳಿಸಿದ ಲಾಭ ಇದು.

ಓರೆಯಾಳ ಪಾತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಥೆಯುದ್ದಕ್ಕೂ ತನ್ನ ತಾಯಿಯ ಮಾಟದ ನೆರಳಿನಲ್ಲಿ ಮೌನವಾಗಿದ್ದವಳು ಕೊನೆಯಲ್ಲಿ ಮಗನನ್ನು ಉಳಿಸುತ್ತಾಳೆ. ಅವಳಿಗೆ ಮಂತ್ರ ತಿಳಿಯದು, ರೋಗದ ನಿಜವಾದ ಹೆಸರೂ ತಿಳಿಯದು. ತೊಳೆದು ಆರೈಕೆ ಮಾಡುವುದಷ್ಟೇ ಗೊತ್ತು.

ರಂಗದ ಮೇಲಿನ ತೊಡಕುಗಳು

ಓಜಿದಿಯನ್ನು ಓದುವವರ ಸಂಖ್ಯೆ ಆಡುವವರ ಸಂಖ್ಯೆಗಿಂತ ಬಹಳ ದೊಡ್ಡದು. ಏಳು ತಲೆಗಳ ದೈತ್ಯ, ಬಾಯಿಂದ ಹೊರಬರುವ ಖಡ್ಗ, ಹೊಟ್ಟೆಯೊಳಗೆ ಕೂಗುವ ಮೃಗಗಳು, ಆಕಾಶದಲ್ಲಿ ಹಾರುವ ಮಾಟಗಾತಿ, ದೋಣಿಯಲ್ಲಿ ಬರುವ ರೋಗದ ಪರಿವಾರ ಇವನ್ನೆಲ್ಲ ವಾಸ್ತವಿಕ ರಂಗಸಜ್ಜಿಕೆಯಲ್ಲಿ ತೋರಿಸಹೊರಟರೆ ಸೋಲು ಖಚಿತ. ಮೌಖಿಕ ಪರಂಪರೆ ಈ ತೊಡಕನ್ನು ಎಂದೋ ಬಿಡಿಸಿಕೊಂಡಿದೆ. ಅಲ್ಲಿ ಕಥೆಗಾರನು ಖಡ್ಗವನ್ನು ಬಾಯಿಂದ ತೆಗೆಯುವುದಿಲ್ಲ. ಡೋಲಿನ ಗತಿ ಬದಲಾಗುತ್ತದೆ, ಮೈ ನಡುಗುತ್ತದೆ, ಸಭೆ ಹಾಡೆತ್ತುತ್ತದೆ, ಖಡ್ಗ ಬಂದಿತೆಂದು ಎಲ್ಲರೂ ಒಪ್ಪುತ್ತಾರೆ. ಮುಖವಾಡ, ಮೂಕಾಭಿನಯ, ಧ್ವನಿಗಳನ್ನು ನೆಚ್ಚಿಕೊಂಡ ನಿರ್ದೇಶಕನಿಗೆ ನಾಟಕದ ದಾರಿ ಸುಗಮ. ನೃತ್ಯ ಮತ್ತು ವಾದ್ಯದ ತರಬೇತಿಯಿಲ್ಲದ ತಂಡಕ್ಕೆ ಇದು ಬಹುತೇಕ ಅಸಾಧ್ಯ. ಪಠ್ಯವಾಗಿ ಓದುವಾಗ ಒಣಗಿದಂತೆ ಕಾಣುವ ಕೆಲವು ದೃಶ್ಯಗಳು ವಾಸ್ತವವಾಗಿ ಹಾಡಿಗೂ ಕುಣಿತಕ್ಕೂ ಬಿಟ್ಟ ಖಾಲಿ ಜಾಗಗಳು. ವಿದ್ಯಾರ್ಥಿಗಳು ಓದುವಾಗ ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಕ್ಲಾರ್ಕ್ ಮುಂದೆ ಲಾಗೋಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 1982ರಲ್ಲಿ ಪತ್ನಿ ಎಬುನ್ ಕ್ಲಾರ್ಕ್ ಅವರೊಡನೆ ಲಾಗೋಸ್‌ನಲ್ಲಿ ಪಿಇಸಿ ರೆಪರ್ಟರಿ ಥಿಯೇಟರ್ ಎಂಬ ವೃತ್ತಿಪರ ನಾಟಕ ಸಂಸ್ಥೆಯನ್ನು ಸ್ಥಾಪಿಸಿದರು. ಅವರು 2020ರ ಅಕ್ಟೋಬರ್‌ನಲ್ಲಿ ನಿಧನರಾದರು.

ಇತರ ಮಹಾಕಾವ್ಯಗಳ ರೂಪಾಂತರ

ಪಶ್ಚಿಮ ಆಫ್ರಿಕಾದ ಮೌಖಿಕ ಮಹಾಕಾವ್ಯಗಳಲ್ಲಿ ಹೊರಜಗತ್ತಿಗೆ ಹೆಚ್ಚು ಪರಿಚಿತವಾದುದು 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಸ್ಥಾಪಿಸಿದ ಸುಂಜಾತಾನ ಕಥೆ. ಗಿನಿಯ ಇತಿಹಾಸಕಾರ ಜಿಬ್ರಿಲ್ ತಮ್ಸೀರ್ ನಿಯಾನೆ ಅವರು ಗ್ರಿಯೋ ಮಮದು ಕುಯಾತೆಯಿಂದ ಕೇಳಿ ಬರೆದ ಫ್ರೆಂಚ್ ಗದ್ಯರೂಪ 1960ರಲ್ಲಿ ಪ್ರಕಟವಾಯಿತು. ಮುಂದೆ ಐವರಿ ಕೋಸ್ಟ್ ದೇಶದ ಅಧ್ಯಕ್ಷರಾದ ಲೊರಾಂ ಬಾಗ್ಬೊ ಅವರು ಇದೇ ವಸ್ತುವಿನ ಮೇಲೆ ಫ್ರೆಂಚಿನಲ್ಲಿ ನಾಟಕ ಬರೆದರು. ಬುರ್ಕಿನಾ ಫಾಸೊದ ದಾನಿ ಕುಯಾತೆ ಅವರ 1995ರ ಚಲನಚಿತ್ರ 'ಕೇತಾ' ರೂಪಾಂತರದ ಸಮಸ್ಯೆಯನ್ನೇ ಕಥೆಯಾಗಿಸಿತು: ನಗರದ ಮನೆಗೆ ಬಂದ ಮುದಿ ಗ್ರಿಯೋ ಶಾಲೆಗೆ ಹೋಗುವ ಹುಡುಗನಿಗೆ ಅವನ ಹೆಸರಿನ ಮೂಲವನ್ನು ಹೇಳತೊಡಗುತ್ತಾನೆ. ಸುಂಜಾತಾನ ಕಥೆಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕಥೆ ಹೇಳುವ ಹಕ್ಕು ಗ್ರಿಯೋ ಮನೆತನಗಳಿಗೆ ಸೇರಿದುದು. ಮಾತು ಪಿತ್ರಾರ್ಜಿತ ಆಸ್ತಿಯಂತೆ. ಇಂದಿಗೂ ಇರುವ ಕೇತಾ, ಕುಯಾತೆ ಮೊದಲಾದ ಕುಲನಾಮಗಳು ಕಥೆಯೊಳಗಿವೆ, ಆದುದರಿಂದ ಒಂದು ಪ್ರಸಂಗವನ್ನು ಕೈಬಿಡುವುದೆಂದರೆ ಒಂದು ಮನೆತನದ ಪೂರ್ವಜರನ್ನು ಕೈಬಿಟ್ಟಂತೆ. ಓಜಿದಿಯಲ್ಲಿ ಎದುರಾಳಿಗಳನ್ನು ಕಡಿಮೆ ಮಾಡಿದಷ್ಟು ಸಲೀಸಾಗಿ ಅಲ್ಲಿ ನಾಟಕಕಾರನು ಕತ್ತರಿ ಆಡಿಸಲಾರನು.